ಬಂಡವಾಳ ಪದ್ಧತಿ ಮತ್ತು ರಾಜಕೀಯ ಸುಧಾರಣೆ: ಇಂಗ್ಲೆಂಡಿನ ಹತ್ತಿಗಿರಣಿಗಳ ದೃಷ್ಟಾಂತ

'ಬಂಡವಾಳ' ಎಂಬುದು ಕನ್ನಡಕ್ಕೆ ಹೊಸ ಪದವಲ್ಲ. ಅದರ ಪೂರ್ವಭಾಗವಾದ 'ಬಂಡ'ವು ಸಂಸ್ಕೃತದ 'ಭಾಂಡ' ಶಬ್ದಕ್ಕೆ ಸಂಬಂಧಿಸಿದುದು. ವ್ಯಾಪಾರದ ಸರಕು ಎಂದು ಅದರ ಅರ್ಥ. 'ಭಂಡಾರ'ವೂ ಇದೇ ಕುಲದ ಶಬ್ದ. ಇಂಗ್ಲಿಷಿನ 'ಕ್ಯಾಪಿಟಲ್' ಶಬ್ದವಾದರೋ ತಲೆ ಎಂಬರ್ಥದ ಲ್ಯಾಟಿನ್ 'ಕಾಪುಟ್' ಶಬ್ದದಿಂದ ಹುಟ್ಟಿದೆ. ಬಡ್ಡಿಯನ್ನು ಬಿಟ್ಟು ಉಳಿಯುವ ಅಸಲೇ ಸಾಲದ ತಲೆ. ನಮ್ಮ ವರ್ತಕನ ಕಣ್ಣು ಸರಕಿನ ಮೇಲಿತ್ತು, ಪಾಶ್ಚಾತ್ಯ ವರ್ತಕನ ಕಣ್ಣು ಅಸಲಿನ ಮೇಲಿತ್ತು ಎಂದು ಇದರಿಂದ ಸಿದ್ಧಾಂತ ಮಾಡಹೊರಡುವುದು ಶಬ್ದವನ್ನು ಕಬ್ಬಿನಂತೆ ಹಿಂಡಿದಂತಾದೀತು. ಇಷ್ಟನ್ನು ಮಾತ್ರ ಹೇಳಬಹುದು: ಅಂಗಡಿಗೆ ಹೂಡಿದ ಬಂಡವಾಳ ಬೇರೆ, ಬಂಡವಾಳ ಪದ್ಧತಿ ಬೇರೆ. ಮೊದಲನೆಯದು ಎಲ್ಲ ಕಾಲದಲ್ಲಿಯೂ ಇದ್ದಿತು. ಎರಡನೆಯದು ಉತ್ಪಾದನೆಯ ಸಾಧನಗಳು ಕೆಲವರ ಸ್ವಂತ ಆಸ್ತಿಯಾಗಿ, ಉಳಿದವರು ತಮ್ಮ ದಿನದ ಹೊತ್ತನ್ನು ಕೂಲಿಗೆ ಮಾರಿ, ತಯಾರಾದ ವಸ್ತುವೆಲ್ಲ ಲಾಭದ ಉದ್ದೇಶದಿಂದ ಪೇಟೆಗೆ ಹೋಗುವ ಒಂದು ವ್ಯವಸ್ಥೆ. ಇದಕ್ಕೆ ಸುಮಾರು ಇನ್ನೂರೈವತ್ತು ವರ್ಷಗಳ ಸ್ಪಷ್ಟವಾದ ಚರಿತ್ರೆಯಿದೆ.

ಈ ವ್ಯವಸ್ಥೆಯನ್ನು ಕುರಿತ ವಾದವು ಶಾಲೆಯ ಚರ್ಚಾಕೂಟದಿಂದ ಹಿಡಿದು ಶಾಸನಸಭೆಯ ವರೆಗೆ ಒಂದೇ ಜಾಡಿನಲ್ಲಿ ನಡೆಯುತ್ತದೆ. ದಾರಿದ್ರ್ಯ, ಬಾಲಕರ ದುಡಿಮೆ, ಕೊಳೆಗೇರಿ, ಹಣಕ್ಕೆ ಮಣಿಯುವ ರಾಜಕೀಯ ಇವೆಲ್ಲವೂ ಬಂಡವಾಳ ಪದ್ಧತಿಯ ಸಂತಾನವೆಂದೂ, ಅದು ಇರುವವರೆಗೆ ರಾಜಕೀಯ ಸುಧಾರಣೆಯೆಂಬುದು ಹರಿದ ಕಂಬಳಿಗೆ ಹಾಕಿದ ತೇಪೆಯೆಂದೂ ಒಂದು ಪಕ್ಷ. ಈ ಕಷ್ಟಗಳೆಲ್ಲ ಅದಕ್ಕಿಂತ ಹಳೆಯವೆಂದೂ, ಸಂಪತ್ತು ಬೆಳೆದಂತೆ ತಾವಾಗಿ ಕರಗುವುವೆಂದೂ, ಸರ್ಕಾರವು ಕೈಹಾಕಿದಷ್ಟೂ ಕೆಡುಕೇ ಹೆಚ್ಚುವುದೆಂದೂ ಪ್ರತಿಪಕ್ಷ. ಎರಡು ಪಕ್ಷಗಳೂ ದೊಡ್ಡ ದೊಡ್ಡ ಭಾವನಾಮಗಳನ್ನು ಒಂದರ ಮೇಲೊಂದು ಎಸೆದಾಡುತ್ತವೆ. ಶಾಸ್ತ್ರಕಾರರ ರೀತಿ ಹಾಗಲ್ಲ; ದೃಷ್ಟಾಂತವಿಲ್ಲದೆ ಅನುಮಾನವು ನಿಲ್ಲದೆಂದು ಅವರು ಬಲ್ಲರು. ಈ ವಾದಕ್ಕೆ ಇಂಗ್ಲೆಂಡಿನ ಹತ್ತಿಗಿರಣಿಗಳಿಗಿಂತ ಹಳೆಯ ಹಾಗೂ ಚೆನ್ನಾಗಿ ದಾಖಲೆಯಾದ ದೃಷ್ಟಾಂತ ದೊರೆಯುವುದು ಕಷ್ಟ.

ರಿಚರ್ಡ್ ಆರ್ಕ್‌ರೈಟ್ ಎಂಬವನು ನೀರಿನ ಬಲದಿಂದ ನೂಲುವ ಯಂತ್ರಕ್ಕೆ 1769ರಲ್ಲಿ ಹಕ್ಕುಪತ್ರ ಪಡೆದು, 1771ರಲ್ಲಿ ಕ್ರಾಮ್‌ಫರ್ಡಿನಲ್ಲಿ ಗಿರಣಿಯನ್ನು ಸ್ಥಾಪಿಸಿದನು. ಆಮೇಲೆ ಉಗಿಯಂತ್ರ ಬಂದಿತು. ಲ್ಯಾಂಕಷೈರ್, ಯಾರ್ಕ್‌ಷೈರ್ ಪ್ರಾಂತಗಳಲ್ಲಿ ಗಿರಣಿಗಳು ಸಾಲುಗಟ್ಟಿದವು. ಆ ಗಿರಣಿಗಳಲ್ಲಿ ದಿನಕ್ಕೆ ಹದಿಮೂರು, ಹದಿನಾಲ್ಕು ಗಂಟೆಗಳ ದುಡಿಮೆ ಸಾಮಾನ್ಯವಾಗಿತ್ತು. ಇಷ್ಟು ದೀರ್ಘವಾದ ದಿನಕ್ಕೆ ಗಿರಣಿಯ ಒಡೆಯರ ಕ್ರೌರ್ಯವೇ ಕಾರಣವೆಂದರೆ ಅರ್ಧ ಸತ್ಯವಾದೀತು. ನೇಕಾರನ ಮನೆಯಲ್ಲಿ ಕೈಮಗ್ಗವು ಒಂದು ದಿನ ಸುಮ್ಮನೆ ನಿಂತರೆ ಆ ದಿನದ ದುಡಿಮೆ ಹೋಯಿತು, ಅಷ್ಟೆ. ಸಾವಿರಾರು ಪೌಂಡುಗಳ ಕಟ್ಟಡ, ಯಂತ್ರ, ಬಾಯ್ಲರುಗಳು ಒಂದು ಗಂಟೆ ನಿಂತರೂ ಅವುಗಳ ಮೇಲಿನ ಬಡ್ಡಿ ನಿಲ್ಲುವುದಿಲ್ಲ. ಆದುದರಿಂದ ಯಂತ್ರವು ಎಷ್ಟು ಹೊತ್ತು ಓಡಬಲ್ಲುದೋ ಅಷ್ಟು ಹೊತ್ತೂ ಅದರ ಮಗ್ಗುಲಲ್ಲಿ ಮನುಷ್ಯನು ನಿಂತಿರಬೇಕಾಯಿತು. ಇದಕ್ಕೆ ಪೈಪೋಟಿಯು ಸೇರಿತು. ದಯಾಳುವಾದ ಒಡೆಯನೊಬ್ಬನು ತನ್ನ ಗಿರಣಿಯಲ್ಲಿ ಎರಡು ಗಂಟೆ ಕಡಿಮೆ ಮಾಡಿದರೆ ಪಕ್ಕದ ಗಿರಣಿಯವನು ಅಗ್ಗದ ನೂಲನ್ನು ಮಾರಿ ಅವನನ್ನು ಪೇಟೆಯಿಂದ ಹೊರಗೆ ದೂಡುವನು. ಇಲ್ಲಿ ಕೇಡು ವ್ಯಕ್ತಿಯ ಸ್ವಭಾವದಲ್ಲಿಲ್ಲ, ವ್ಯವಸ್ಥೆಯ ನಡೆಯಲ್ಲಿದೆ. ಮೊದಲ ಪಕ್ಷದ ವಾದದಲ್ಲಿ ಗಟ್ಟಿಯಾದ ಅಂಶ ಇದು.

ಎರಡನೆಯ ಪಕ್ಷಕ್ಕೂ ಹೇಳುವುದಿದೆ. ಮಕ್ಕಳ ದುಡಿಮೆಯನ್ನು ಗಿರಣಿಯು ಕಂಡುಹಿಡಿಯಲಿಲ್ಲ. ಅದಕ್ಕೆ ಮೊದಲೂ ಬಡ ನೇಕಾರನ ಗುಡಿಸಲಿನಲ್ಲಿ ಐದಾರು ವರ್ಷದ ಮಕ್ಕಳು ಹತ್ತಿ ಹಿಂಜುತ್ತ, ಲಾಳಿಗೆ ನೂಲು ಸುತ್ತುತ್ತ ಇದ್ದರು. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ದಾರಿದ್ರ್ಯವು ಮಡಕೆಗೆ ಮಣ್ಣಿದ್ದಂತೆ ಮೊದಲೇ ಇದ್ದಿತು. ಗಿರಣಿಯು ಕುಂಬಾರನ ಚಕ್ರವಾಗಿ ಬಂದಿತು. ಚಕ್ರವನ್ನು ಮುರಿದರೆ ಮಣ್ಣು ಇಲ್ಲವಾಗದು. ಮಣ್ಣು ಮೊದಲೇ ಇದ್ದಿತೆಂದು ಚಕ್ರವು ನಿರ್ದೋಷಿಯೂ ಆಗದು. ಇನ್ನೊಂದು ಸಂಗತಿ. ಗುಡಿಸಲಿನ ಕಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನೂರಾರು ಮಕ್ಕಳು ಒಂದೇ ಬಾಗಿಲಿನಲ್ಲಿ ಬೆಳಗಿನ ಕತ್ತಲೆಯಲ್ಲಿ ಒಳಹೊಕ್ಕು ರಾತ್ರಿಯ ಕತ್ತಲೆಯಲ್ಲಿ ಹೊರಬರುವುದು ಊರಿಗೆಲ್ಲ ಕಾಣಿಸಿತು. ಕೇಡನ್ನು ಒಂದೆಡೆ ಗುಡ್ಡೆಹಾಕಿ ತೋರಿಸಿದ್ದು ಗಿರಣಿಯೇ.

ಮೊದಲ ಶಾಸನವನ್ನು ತಂದವನು ಕಾರ್ಮಿಕರ ನಾಯಕನಲ್ಲ, ದೊಡ್ಡ ಗಿರಣಿಯ ಒಡೆಯನೇ ಆದ ಸರ್ ರಾಬರ್ಟ್ ಪೀಲ್. 1802ರ ಆ ಶಾಸನದಂತೆ ಅನಾಥಾಲಯಗಳಿಂದ ಗಿರಣಿಗೆ ಕಳಿಸಲ್ಪಟ್ಟ ಮಕ್ಕಳು ದಿನಕ್ಕೆ 12 ಗಂಟೆಗಳಿಗಿಂತ ಹೆಚ್ಚು ದುಡಿಯಬಾರದು. ಪೀಲನೇ ತಂದ 1819ರ ಶಾಸನವು ಹತ್ತಿಗಿರಣಿಗಳಲ್ಲಿ 9 ವರ್ಷಕ್ಕಿಂತ ಚಿಕ್ಕವರನ್ನು ನಿಷೇಧಿಸಿ, 16 ವರ್ಷದೊಳಗಿನವರಿಗೆ 12 ಗಂಟೆಗಳ ಮಿತಿಯನ್ನು ವಿಧಿಸಿತು. ಎರಡೂ ಕಾಗದದ ಮೇಲೆಯೇ ಉಳಿದವು. ಅವುಗಳ ಪಾಲನೆಯನ್ನು ನೋಡಿಕೊಳ್ಳುವ ಭಾರವು ಸ್ಥಳೀಯ ನ್ಯಾಯಾಧಿಕಾರಿಗಳ ಮೇಲೆ ಬಿದ್ದಿತ್ತು. ಅವರಾದರೋ ಹಲವೆಡೆ ಗಿರಣಿಯ ಒಡೆಯರ ನೆಂಟರು, ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಣ್ಣುವವರು. ಬೇಲಿಯೇ ಹೊಲವನ್ನು ಮೇಯದಿದ್ದರೂ, ಮೇಯುವುದನ್ನು ನೋಡಿ ಸುಮ್ಮನಿದ್ದಿತು.

1819ರ ಶಾಸನಕ್ಕೆ ಹಿಂದಿನಿಂದ ಪ್ರೇರಣೆ ನೀಡಿದವನು ರಾಬರ್ಟ್ ಓವೆನ್. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿ 1800ರಿಂದ ಗಿರಣಿಯನ್ನು ನಡೆಸಿದ ಈತನು 10 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳದೆ, ಅವರಿಗಾಗಿ ಶಾಲೆ ತೆರೆದು, ದುಡಿಮೆಯ ಹೊತ್ತನ್ನು ಇಳಿಸಿ, ಆದರೂ ಲಾಭವನ್ನು ಗಳಿಸಿ ತೋರಿಸಿದನು. ಅಮೆರಿಕದಿಂದ ಹತ್ತಿ ಬರುವುದು ನಿಂತು ಗಿರಣಿಯು ನಾಲ್ಕು ತಿಂಗಳು ಮುಚ್ಚಿದಾಗ ಅವನು ಕೆಲಸಗಾರರಿಗೆ ಪೂರ್ಣ ಕೂಲಿ ಕೊಟ್ಟ ಸಂಗತಿಯನ್ನು ಅವನ ಆತ್ಮಕಥೆಯು ತಿಳಿಸುತ್ತದೆ. ಯುರೋಪಿನ ಗಣ್ಯರೆಲ್ಲ ನ್ಯೂ ಲಾನಾರ್ಕನ್ನು ನೋಡಲು ಬಂದರು, ಕೊಂಡಾಡಿದರು. ತಮ್ಮ ಊರಿಗೆ ಹಿಂದಿರುಗಿ ಹಿಂದಿನಂತೆಯೇ ಇದ್ದರು. ಸದ್ಬುದ್ಧಿಯುಳ್ಳ ಒಬ್ಬ ಧನಿಕನಿಂದ ಒಂದು ಊರು ಉದ್ಧಾರವಾಗುತ್ತದೆ. ಶಾಲೆ, ಅನ್ನಛತ್ರ, ಆಸ್ಪತ್ರೆಗಳು ಏಳುತ್ತವೆ. ಅದು ಸಣ್ಣ ಸಂಗತಿಯಲ್ಲ. ಆದರೆ ಒಬ್ಬನ ಔದಾರ್ಯವು ಪಕ್ಕದ ಗಿರಣಿಯ ಗಡಿಯಾರವನ್ನು ನಿಲ್ಲಿಸಲಾರದೆಂಬುದನ್ನು ಇತರರಿಗಿಂತ ಮೊದಲು ಅರಿತವನು ಓವೆನನೇ. ಅದಕ್ಕಾಗಿಯೇ ಅವನು ದಾನದಿಂದ ಶಾಸನದ ಕಡೆಗೆ ತಿರುಗಿದನು.

1830ರಲ್ಲಿ ರಿಚರ್ಡ್ ಓಸ್ಟ್ಲರ್ ಎಂಬವನು ಲೀಡ್ಸ್ ನಗರದ ಪತ್ರಿಕೆಗೆ ಒಂದು ಪತ್ರ ಬರೆದನು. ದೂರದ ವಸಾಹತುಗಳ ಗುಲಾಮರಿಗಾಗಿ ಕಣ್ಣೀರಿಡುವ ಯಾರ್ಕ್‌ಷೈರಿನವರು ತಮ್ಮ ಗಿರಣಿಗಳಲ್ಲಿಯ ಎಳೆಯ ಗುಲಾಮರನ್ನು ಕಾಣಲೊಲ್ಲರೇಕೆ ಎಂಬುದು ಅದರ ಸಾರ. ಓಸ್ಟ್ಲರನು ಕ್ರಾಂತಿಕಾರನಲ್ಲ, ಜಮೀನ್ದಾರನೊಬ್ಬನ ಪಾರುಪತ್ತೇಗಾರ, ಸಂಪ್ರದಾಯಶರಣ. ಅವನ ಸ್ನೇಹಿತನಾದ ಮೈಕೆಲ್ ಸ್ಯಾಡ್ಲರನು ದಿನಕ್ಕೆ 10 ಗಂಟೆಗಳ ಮಿತಿಯ ಮಸೂದೆಯನ್ನು ಪಾರ್ಲಿಮೆಂಟಿಗೆ ತಂದನು. 1832ರಲ್ಲಿ ಅವನ ಅಧ್ಯಕ್ಷತೆಯ ಸಮಿತಿಯು ಸಾಕ್ಷ್ಯಗಳನ್ನು ಸಂಗ್ರಹಿಸಿತು. ಗಿರಾಕಿಯ ಕಾಲದಲ್ಲಿ ಆರು ವಾರಗಳ ಕಾಲ ತನ್ನ ಹೆಣ್ಣುಮಕ್ಕಳು ಬೆಳಗಿನ 3 ಗಂಟೆಗೆ ಹೋಗಿ ರಾತ್ರಿ 10ರ ವರೆಗೆ ದುಡಿದರೆಂದು ತಂದೆಯೊಬ್ಬನು ಆ ಸಮಿತಿಯ ಮುಂದೆ ಹೇಳಿದನು. ಆ ಸಾಕ್ಷ್ಯಗಳು ಏಕಪಕ್ಷೀಯವೆಂದು ಗಿರಣಿಯವರು ದೂರಿದರು. ಆ ದೂರಿನಲ್ಲಿ ಸ್ವಲ್ಪ ನ್ಯಾಯವೂ ಇದ್ದಿತು. ಆದರೆ ಆಮೇಲೆ ನೇಮಕವಾದ ರಾಜಾಯೋಗವೂ ಮಕ್ಕಳ ದುಡಿಮೆಯ ದೈರ್ಘ್ಯವನ್ನು ಅಲ್ಲಗಳೆಯಲಿಲ್ಲ.

ಇದೇ 1832ನೆಯ ವರ್ಷವು ಇಂಗ್ಲೆಂಡಿನ ರಾಜಕೀಯ ಸುಧಾರಣೆಯ ಮಹಾವರ್ಷ. ಅಲ್ಲಿಯ ವರೆಗೆ ಮನುಷ್ಯವಾಸವೇ ಇಲ್ಲದ ಓಲ್ಡ್ ಸೇರಮ್ ಎಂಬ ದಿಬ್ಬಕ್ಕೆ ಇಬ್ಬರು ಪ್ರತಿನಿಧಿಗಳಿದ್ದರು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ನಗರಗಳಿಗೆ ಒಬ್ಬರೂ ಇರಲಿಲ್ಲ. ಸುಧಾರಣಾ ಶಾಸನವು ಈ ಅಸಂಬದ್ಧವನ್ನು ತೊಡೆದು, ನಗರಗಳಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆ ಬೆಲೆಯ ಮನೆಯುಳ್ಳ ಗಂಡಸರಿಗೆ ಮತವನ್ನು ಕೊಟ್ಟಿತು. ಲೀಡ್ಸ್ ನಗರವು ಮೊದಲ ಬಾರಿಗೆ ಚುನಾವಣೆಯನ್ನು ಕಂಡಿತು. ಅಲ್ಲಿ ಹತ್ತು ಗಂಟೆಯ ಮಸೂದೆಯ ಪ್ರತಿಪಾದಕನಾದ ಸ್ಯಾಡ್ಲರನೇ ಸ್ಪರ್ಧಿಸಿದನು, ಸೋತನು. ಗೆದ್ದ ಇಬ್ಬರಲ್ಲಿ ಒಬ್ಬನು ನಾರುಗಿರಣಿಯ ಮನೆತನದ ಮಾರ್ಷಲ್; ಇನ್ನೊಬ್ಬನು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. 1834ರಲ್ಲಿ ಮದರಾಸಿಗೆ ಬಂದಿಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ದಾರಿಯಾಗಿ ಉದಕಮಂಡಲಕ್ಕೆ ಹೋಗಿ, ಮರುವರ್ಷ ನಮ್ಮ ವಿದ್ಯಾಭ್ಯಾಸದ ಹಣೆಬರಹವನ್ನು ಬರೆದ ಅದೇ ಮೆಕಾಲೆ.

ಸುಧಾರಣೆಯ ಮೊದಲ ಚುನಾವಣೆಯಲ್ಲಿಯೇ ಸುಧಾರಕನು ಸೋತದ್ದು ವಿಚಿತ್ರವೆನಿಸಬಹುದು. ವಿಚಿತ್ರವೇನೂ ಇಲ್ಲ. ಮತವು ಅಂಗಡಿಯವನ ವರೆಗೆ ಇಳಿದಿತ್ತು, ಗಿರಣಿಯ ಕೆಲಸಗಾರನ ವರೆಗೆ ಇಳಿದಿರಲಿಲ್ಲ. ಸಭೆಗೆ ಸಾವಿರಾರು ಕೆಲಸಗಾರರು ಬಂದು ಸ್ಯಾಡ್ಲರನಿಗೆ ಜಯಕಾರ ಮಾಡಬಹುದಾಗಿತ್ತು. ಮತದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ರಾಜಕೀಯ ಸುಧಾರಣೆಯು ಯಾರ ವರೆಗೆ ಇಳಿಯುತ್ತದೋ ಅವರ ಕಷ್ಟವನ್ನು ಮಾತ್ರ ಅದು ಕೇಳುತ್ತದೆ ಎಂಬುದಕ್ಕೆ ಲೀಡ್ಸಿನ ಆ ಫಲಿತಾಂಶಕ್ಕಿಂತ ಬೇರೆ ಪ್ರಮಾಣ ಬೇಡ.

ಆದರೂ 1833ರಲ್ಲಿ ಶಾಸನವೊಂದು ಬಂದಿತು. 9ರಿಂದ 13 ವರ್ಷದ ಮಕ್ಕಳಿಗೆ ವಾರಕ್ಕೆ 48 ಗಂಟೆ, 18 ವರ್ಷದ ವರೆಗಿನವರಿಗೆ ದಿನಕ್ಕೆ 12 ಗಂಟೆ ಎಂದು ಅದು ಗೊತ್ತುಪಡಿಸಿತು. ವಯಸ್ಕರನ್ನು ಮುಟ್ಟಲಿಲ್ಲ, ಅವರು ಸ್ವತಂತ್ರ ಕರ್ತೃಗಳು, ತಮಗೆ ಇಷ್ಟವಾದ ಕರಾರನ್ನು ತಾವೇ ಮಾಡಿಕೊಳ್ಳಬಲ್ಲರು ಎಂಬುದು ಅಂದಿನ ಅರ್ಥಶಾಸ್ತ್ರಜ್ಞರ ಸಿದ್ಧಾಂತ. ವೈಯಾಕರಣರೂ ಕರ್ತೃವಿಗೆ ಸ್ವಾತಂತ್ರ್ಯವನ್ನೇ ಲಕ್ಷಣವಾಗಿ ಹೇಳಿದ್ದಾರೆ. ಆದರೆ ಬೆಳಗಿನ ಗಂಟೆಗೆ ಬಾಗಿಲಿನಲ್ಲಿ ನಿಲ್ಲದಿದ್ದರೆ ಅಂದು ರಾತ್ರಿ ಮನೆಯಲ್ಲಿ ಒಲೆ ಹೊತ್ತದಂಥವನು ವಾಕ್ಯದಲ್ಲಿ ಕರ್ತೃಪದವಾದರೂ ವ್ಯವಹಾರದಲ್ಲಿ ಕರಣವಷ್ಟೆ. ಬಡಗಿಯ ಕೈಯ ಬಾಚಿಯಂತೆ.

1833ರ ಶಾಸನದ ನಿಜವಾದ ಹೊಸತನವು ಗಂಟೆಗಳ ಲೆಕ್ಕದಲ್ಲಿಲ್ಲ. ಗಿರಣಿಗಳನ್ನು ಪರೀಕ್ಷಿಸಲು ಸರ್ಕಾರದಿಂದ ಸಂಬಳ ಪಡೆಯುವ ನಾಲ್ವರು ಇನ್‌ಸ್ಪೆಕ್ಟರುಗಳನ್ನು ಅದು ನೇಮಿಸಿತು. ಇಡೀ ದೇಶಕ್ಕೆ ನಾಲ್ವರು! ನಗೆಗೀಡಾಗುವ ಸಂಖ್ಯೆ. ಆದರೆ ಅವರು ಊರಿನ ಒಡೆಯರಿಗೆ ಋಣಿಗಳಾಗಿರಲಿಲ್ಲ. ಕಾಲಕಾಲಕ್ಕೆ ಬರೆದ ವರದಿಗಳು ಅಚ್ಚಾಗಿ ಪಾರ್ಲಿಮೆಂಟಿನ ಮುಂದೆ ಬರುತ್ತಿದ್ದವು. ಅವರಲ್ಲಿ ಲಿಯೊನಾರ್ಡ್ ಹಾರ್ನರ್ ಎಂಬ ಭೂಗರ್ಭಶಾಸ್ತ್ರಜ್ಞನು 1859ರ ವರೆಗೆ ಈ ಕೆಲಸದಲ್ಲಿದ್ದನು. ಬಂಡವಾಳ ಪದ್ಧತಿಯನ್ನು ಬುಡಸಹಿತ ಖಂಡಿಸಿದ ಕಾರ್ಲ್ ಮಾರ್ಕ್ಸ್ 1867ರ ತನ್ನ 'ಬಂಡವಾಳ' ಗ್ರಂಥದಲ್ಲಿ ಈ ಸರ್ಕಾರಿ ಅಧಿಕಾರಿಯನ್ನು ಮನಸಾರೆ ಹೊಗಳಿದ್ದಾನೆ. ಆ ಗ್ರಂಥದ ದುಡಿಮೆಯ ದಿನವನ್ನು ಕುರಿತ ಅಧ್ಯಾಯಕ್ಕೆ ಸಾಮಗ್ರಿಯೂ ಬಹುಮಟ್ಟಿಗೆ ಇನ್‌ಸ್ಪೆಕ್ಟರುಗಳ ವರದಿಗಳಿಂದಲೇ ಬಂದಿತು. ಸುಧಾರಣೆಯು ತೇಪೆಯೆನ್ನುವವರು ಈ ಪ್ರಶಂಸೆಯನ್ನು ಮರೆಯುತ್ತಾರೆ.

ಇನ್‌ಸ್ಪೆಕ್ಟರುಗಳು ಎದುರಿಸಿದ ತೊಡಕುಗಳನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಆಗ ಇಂಗ್ಲೆಂಡಿನಲ್ಲಿ ಸರ್ಕಾರದ ಜನನ ನೋಂದಣಿ ಇರಲಿಲ್ಲ. ಅದು ಆರಂಭವಾದದ್ದು 1837ರಲ್ಲಿ. ಎದುರಿಗೆ ನಿಂತ ಮಗುವಿಗೆ ಒಂಬತ್ತೋ ಏಳೋ ಎಂದು ತಿಳಿಯುವುದೆಂತು? ಒಂಬತ್ತು ವರ್ಷದವರಿಗೆ ಸಹಜವಾದ ಮೈಕಟ್ಟು ಇದೆಯೆಂದು ವೈದ್ಯನು ಬರೆದುಕೊಡಬೇಕಾಗಿತ್ತು. ಎತ್ತರವನ್ನು ಅಳೆದರು, ದನದ ಸಂತೆಯಲ್ಲಿ ನೋಡುವಂತೆ ಹಲ್ಲುಗಳನ್ನು ಎಣಿಸುವ ಉಪಾಯವೂ ಹೊರಟಿತು. ಕೂಲಿಯ ಆಸೆಗೆ ತಂದೆತಾಯಿಗಳೇ ವಯಸ್ಸನ್ನು ಏರಿಸಿ ಹೇಳುತ್ತಿದ್ದರು. ಅವರನ್ನು ನಿಂದಿಸುವುದು ಸುಲಭ. ಆ ಕೂಲಿಯಿಲ್ಲದೆ ಮನೆಯ ಬಾಡಿಗೆ ಸಲ್ಲುತ್ತಿರಲಿಲ್ಲ.

ಮಕ್ಕಳು ದಿನಕ್ಕೆ ಎರಡು ಗಂಟೆ ಶಾಲೆಗೆ ಹೋಗಬೇಕೆಂಬುದು ಅದೇ ಶಾಸನದ ಇನ್ನೊಂದು ವಿಧಿ. ಹೋದರೆಂಬುದಕ್ಕೆ ಉಪಾಧ್ಯಾಯನ ದೃಢಪತ್ರ ಬೇಕು. ಶಾಸನವು ಶಾಲೆಯನ್ನು ಕಟ್ಟಲು ಹಣ ಕೊಡಲಿಲ್ಲ, ಉಪಾಧ್ಯಾಯನ ಯೋಗ್ಯತೆಯನ್ನು ಹೇಳಲಿಲ್ಲ. ಪರಿಣಾಮವೇನಾಯಿತು? ಕಲಿಸುವವರೆಂದು ಹೆಸರಿಟ್ಟುಕೊಂಡ ಕೆಲವರು ದೃಢಪತ್ರದ ಮೇಲೆ ತಮ್ಮ ಹೆಸರನ್ನು ಬರೆಯಲಾರದೆ ಗೀಟು ಎಳೆದು ಗುರುತು ಹಾಕುತ್ತಿದ್ದರೆಂದು ಇನ್‌ಸ್ಪೆಕ್ಟರುಗಳು ವರದಿ ಮಾಡಿದ್ದಾರೆ. 1844ರ ತಿದ್ದುಪಡಿಯಲ್ಲಿ, ಉಪಾಧ್ಯಾಯನು ದೃಢಪತ್ರವನ್ನು ತನ್ನ ಸ್ವಹಸ್ತದಿಂದ ತುಂಬಿ ರುಜು ಹಾಕತಕ್ಕದ್ದು ಎಂದು ಬರೆಯಬೇಕಾಗಿ ಬಂದಿತು. ಅಕ್ಷರ ಬಲ್ಲವನೇ ಅಕ್ಷರ ಕಲಿಸಬೇಕೆಂಬುದನ್ನು ಒಂದು ಮಹಾರಾಷ್ಟ್ರದ ಪಾರ್ಲಿಮೆಂಟು ಶಾಸನದಲ್ಲಿ ಹೇಳಬೇಕಾಯಿತೆಂದರೆ, ಶಾಸನದ ಉದ್ದೇಶಕ್ಕೂ ಅದರ ನೆರವೇರಿಕೆಗೂ ನಡುವೆ ಎಷ್ಟು ಹಾದಿಯಿದೆಯೆಂಬುದು ಅರಿವಾಗುತ್ತದೆ.

ಮತದ ಪಟ್ಟಿಯ ಹೊರಗೆ ಉಳಿದವರು ಸುಮ್ಮನೆ ಕೂಡಲಿಲ್ಲ. 1838ರಲ್ಲಿ ಪ್ರಕಟವಾದ ಜನತಾ ಸನ್ನದು ಎಲ್ಲ ವಯಸ್ಕ ಪುರುಷರಿಗೆ ಮತ, ಗುಪ್ತ ಮತದಾನ, ಸದಸ್ಯರಿಗೆ ಆಸ್ತಿಯ ಅರ್ಹತೆಯ ರದ್ದತಿ, ಸದಸ್ಯರಿಗೆ ವೇತನ, ಸಮ ಕ್ಷೇತ್ರಗಳು, ವರ್ಷಕ್ಕೊಂದು ಪಾರ್ಲಿಮೆಂಟು ಎಂಬ ಆರು ಬೇಡಿಕೆಗಳನ್ನು ಮುಂದಿಟ್ಟಿತು. 1842ರ ಮನವಿಗೆ 33 ಲಕ್ಷ ರುಜುಗಳಿದ್ದವು. ಪಾರ್ಲಿಮೆಂಟು ಅದನ್ನು ತಳ್ಳಿಹಾಕಿತು. 1848ರ ಬಳಿಕ ಚಳವಳಿಯೇ ಇಳಿದುಹೋಯಿತು. ಕೊನೆಯ ಬೇಡಿಕೆಯೊಂದನ್ನು ಬಿಟ್ಟು ಉಳಿದವೆಲ್ಲ ಮುಂದಿನ ಎಂಬತ್ತು ವರ್ಷಗಳಲ್ಲಿ ಒಂದೊಂದಾಗಿ ಈಡೇರಿದವೆಂಬುದು ಬೇರೆ ಮಾತು.

ಇಷ್ಟರಲ್ಲಿ ಉಳ್ಳವರಲ್ಲಿಯೇ ಜಗಳ ಹುಟ್ಟಿತು. ವಿದೇಶದ ಧಾನ್ಯದ ಮೇಲಿನ ಸುಂಕದಿಂದ ಜಮೀನ್ದಾರರಿಗೆ ಲಾಭವಿತ್ತು, ಗಿರಣಿಯವರಿಗೆ ನಷ್ಟವಿತ್ತು. ಗಿರಣಿಯವರು ಹೋರಾಡಿ 1846ರಲ್ಲಿ ಆ ಸುಂಕವನ್ನು ತೆಗೆಸಿದರು. ಮುನಿದ ಜಮೀನ್ದಾರರಲ್ಲಿ ಅನೇಕರು ಮರುವರ್ಷ ಹತ್ತು ಗಂಟೆಯ ಮಸೂದೆಯ ಪರವಾಗಿ ಕೈ ಎತ್ತಿದರು. ಅದನ್ನು ಮಂಡಿಸಿದ ಜಾನ್ ಫೀಲ್ಡನ್ ತಾನೇ ಗಿರಣಿಯ ಒಡೆಯನಾಗಿದ್ದನು. 1847ರಲ್ಲಿ ಶಾಸನವಾಯಿತು: ಹೆಂಗಸರಿಗೂ 18 ವರ್ಷದೊಳಗಿನವರಿಗೂ ದಿನಕ್ಕೆ 10 ಗಂಟೆ. ಅವರಿಲ್ಲದೆ ಗಿರಣಿ ಓಡದಾದ್ದರಿಂದ ಗಂಡಸರ ದಿನವೂ ಕ್ರಮೇಣ ಮೊಟಕಾಯಿತು. ಒಡೆಯರು ಸರದಿಯ ಏರ್ಪಾಡಿನಿಂದ ಇದನ್ನು ತಪ್ಪಿಸಲೆತ್ನಿಸಿದಾಗ 1850ರಲ್ಲಿ ಹತ್ತೂವರೆ ಗಂಟೆಗಳ ರಾಜಿಯಾಯಿತು. ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ನಿಲ್ಲಬೇಕೆಂಬ ವಿಧಿಯೂ ಸೇರಿತು.

ಇದಕ್ಕೆ ಹತ್ತು ವರ್ಷ ಮೊದಲು, 1837ರಲ್ಲಿ, ನಾಸೌ ಸೀನಿಯರ್ ಎಂಬ ಪ್ರಖ್ಯಾತ ಅರ್ಥಶಾಸ್ತ್ರಜ್ಞನು ಗಿರಣಿಯ ನಿವ್ವಳ ಲಾಭವೆಲ್ಲ ದಿನದ ಕೊನೆಯ ಗಂಟೆಯಲ್ಲಿ ಹುಟ್ಟುತ್ತದೆ, ಆ ಗಂಟೆಯನ್ನು ಕಳೆದರೆ ಉದ್ಯಮವೇ ಅಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದನು. ಆ ಗಂಟೆಯನ್ನು ಕಳೆದದ್ದಾಯಿತು. 1850ರಿಂದ 1860ರ ವರೆಗಿನ ದಶಕದಲ್ಲಿ ಬ್ರಿಟಿಷ್ ಗಿರಣಿಗಳು ಬಳಸಿದ ಹತ್ತಿಯ ತೂಕ ಇಮ್ಮಡಿಯ ಸಮೀಪಕ್ಕೆ ಏರಿತು. ಲೀಡ್ಸಿನಲ್ಲಿ ಸ್ಯಾಡ್ಲರನನ್ನು ಸೋಲಿಸಿದ್ದ ಮೆಕಾಲೆಯು 1846ರಲ್ಲಿ ಹತ್ತು ಗಂಟೆಯ ಮಸೂದೆಯನ್ನು ಬೆಂಬಲಿಸಿ ಭಾಷಣ ಮಾಡಿದನು. ವಾರಕ್ಕೊಂದು ದಿನದ ವಿಶ್ರಾಂತಿಯಿಂದ ಇಂಗ್ಲೆಂಡು ಶತಮಾನಗಳಿಂದ ಬಡವಾಗಿಲ್ಲ ಎಂಬುದು ಅವನ ಯುಕ್ತಿಗಳಲ್ಲಿ ಒಂದು.

ಈಗ ಎರಡು ಪಕ್ಷಗಳನ್ನು ತೂಗಬಹುದು. ಬಂಡವಾಳವು ತನ್ನಷ್ಟಕ್ಕೆ ತಾನು ತಿದ್ದಿಕೊಳ್ಳಲಿಲ್ಲ. 1771ರಿಂದ 1833ರ ವರೆಗೆ ಅದಕ್ಕೆ ಅರುವತ್ತೆರಡು ವರ್ಷಗಳ ಅವಕಾಶವಿತ್ತು. ತಿದ್ದಿದಾಗ ಅದು ಕುಸಿಯಲೂ ಇಲ್ಲ. ಕೇಡಿನ ಮೂಲ ಒಡೆತನದಲ್ಲಿದೆಯೇ, ದಾರಿದ್ರ್ಯದಲ್ಲಿದೆಯೇ ಎಂಬ ವಾದಕ್ಕಿಂತ, ಕೇಡನ್ನು ಅನುಭವಿಸುವವನಿಗೆ ಮತವಿದೆಯೇ, ಒಡೆಯನ ಅನ್ನವನ್ನುಣ್ಣದ ಪರೀಕ್ಷಕನಿದ್ದಾನೆಯೇ ಎಂಬ ಪ್ರಶ್ನೆಗಳು ಈ ದೃಷ್ಟಾಂತದಿಂದ ಹೆಚ್ಚು ಬಲವಾಗಿ ಏಳುತ್ತವೆ. ಒಡೆತನದ ಪ್ರಶ್ನೆ ತೀರಿತೆಂದು ಇದರ ಅರ್ಥವಲ್ಲ. ಕೈಮಗ್ಗದ ನೇಕಾರರ ಗತಿಯನ್ನು ನೋಡಿದರೆ ಸಾಕು; 1820ರ ದಶಕದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ್ದ ಆ ಜನ ಯಾವ ಶಾಸನದ ರಕ್ಷಣೆಯೂ ಇಲ್ಲದೆ ಒಂದು ತಲೆಮಾರಿನಲ್ಲಿ ಕರಗಿಹೋದರು.

ಮತವಿಲ್ಲದ ಕಡೆ ಈ ಸುಧಾರಣೆಯು ಯಾವ ರೂಪ ತಾಳಿತೆಂಬುದಕ್ಕೆ ಕನ್ನಡ ನಾಡೇ ಸಾಕ್ಷಿ. ಲ್ಯಾಂಕಷೈರಿನ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿದಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಎರೆಯ ಹೊಲಗಳ ಮೇಲೆ ಬಿದ್ದಿತು. 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಅಲ್ಲಿ ಬೆಳೆಯುತ್ತಿದ್ದು, 'ಧಾರವಾಡ-ಅಮೆರಿಕನ್' ಎಂಬ ಹೆಸರು ಪಡೆದಿತ್ತು. ಈ ಹತ್ತಿಯನ್ನು ಸಾಗಿಸಲು ಘಟ್ಟದ ರಸ್ತೆ ಬೇಕು, ಕಾರವಾರದ ಬಂದರು ಬೇಕು ಎಂದು ಮ್ಯಾಂಚೆಸ್ಟರಿನವರು ಸರ್ಕಾರವನ್ನು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿಯಲ್ಲಿ ಕಲಬೆರಕೆ ಮಾಡುವವರನ್ನು ಶಿಕ್ಷಿಸಲು 1863ರಲ್ಲಿ ಮುಂಬಯಿಯಲ್ಲಿ ಶಾಸನವಾಯಿತು, ಅದಕ್ಕೂ ಇನ್‌ಸ್ಪೆಕ್ಟರುಗಳು ಬಂದರು. ತಮ್ಮ ಗಿರಣಿಯೊಳಗೆ ಸರ್ಕಾರವು ತಲೆಹಾಕಬಾರದೆಂದು ವಾದಿಸಿದ್ದವರಿಗೆ ರೈತನ ಅಂಡಿಗೆಯೊಳಗೆ ಸರ್ಕಾರವು ಕೈಹಾಕುವುದು ಅನ್ಯಾಯವೆನಿಸಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ರೈತನ ದೂರನ್ನು ಕೇಳಲು ಅವನಿಗೆ ಪ್ರತಿನಿಧಿಯಿರಲಿಲ್ಲ.

ಭಾರತದ ಮೊದಲ ಕಾರ್ಖಾನೆ ಶಾಸನ 1881ರದು: 7 ವರ್ಷದೊಳಗಿನವರಿಗೆ ನಿಷೇಧ, 12 ವರ್ಷದೊಳಗಿನವರಿಗೆ 9 ಗಂಟೆ. ಅದರ ಹಿಂದೆ ದಯೆಯೂ ಇದ್ದಿತು, ಮುಂಬಯಿಯ ಗಿರಣಿಗಳ ಪೈಪೋಟಿಗೆ ಹೆದರಿದ ಲ್ಯಾಂಕಷೈರಿನ ಒತ್ತಾಯವೂ ಇದ್ದಿತು. ಆ ಕಾರಣದಿಂದಲೇ ನಮ್ಮ ರಾಷ್ಟ್ರೀಯ ಪತ್ರಿಕೆಗಳು ಅದನ್ನು ವಿರೋಧಿಸಿದವು. ವಿರೋಧಕ್ಕೆ ಕಾರಣ ನ್ಯಾಯವಾದುದೇ. ಆದರೆ ಗಿರಣಿಯಲ್ಲಿದ್ದ ಏಳು ವರ್ಷದ ಮಗುವಿಗೆ ಶಾಸನವು ಎಲ್ಲಿಂದ ಬಂದರೇನು?

ಸ್ವತಂತ್ರ ಭಾರತದ 1948ರ ಶಾಸನವು ವಯಸ್ಕರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿ, 14 ವರ್ಷದೊಳಗಿನವರನ್ನು ಕಾರ್ಖಾನೆಯಿಂದ ದೂರವಿರಿಸಿತು. ವಯಸ್ಕರ ಮತದಾನವನ್ನು ಸಂವಿಧಾನವು ಒಮ್ಮೆಗೇ ಕೊಟ್ಟುದರಿಂದ ಲೀಡ್ಸಿನಂಥ ವಿಪರ್ಯಾಸಕ್ಕೆ ಇಲ್ಲಿ ಎಡೆಯಿಲ್ಲ. ಪರೀಕ್ಷಕನ ಪ್ರಶ್ನೆ ಮಾತ್ರ ಉಳಿದಿದೆ. 2023ರಲ್ಲಿ ಕರ್ನಾಟಕದ ವಿಧಾನಮಂಡಲವು 48 ಗಂಟೆಗಳ ವಾರವನ್ನು ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಗಳ ವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. 1948ರ ಶಾಸನದ ಸ್ಥಾನದಲ್ಲಿ 2020ರಲ್ಲಿ ಅಂಗೀಕೃತವಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಯಲ್ಲಿ ಆ ಹಳೆಯ ಅಧಿಕಾರಿಯ ಹೆಸರು 'ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್' ಎಂದಾಗಿದೆ. ಪರೀಕ್ಷಕನೂ ಅನುಕೂಲ ಮಾಡಿಕೊಡುವವನೂ ಒಬ್ಬನೇ ಎಂದು ಅದರ ಅರ್ಥ. ವ್ಯಾಕರಣದಲ್ಲಿ ಇದು ಕರ್ಮಧಾರಯಸಮಾಸವೆನಿಸುತ್ತದೆ. ಅದರ ಎರಡು ಪದಗಳಲ್ಲಿ ಯಾವುದಕ್ಕೆ ಬಲವೆಂಬುದು ಕಾರ್ಖಾನೆಯ ಬಾಗಿಲಿನಲ್ಲಿ ನಿರ್ಣಯವಾಗಬೇಕಾಗಿದೆ.